ವೋಲ್ವೋ ಕಾರು ಯಾವ ಊರಿನದು?

ವೋಲ್ವೋ ಸ್ವೀಡನ್ನಿನ ಕಾರು ಎಂದು ಎಲ್ಲರೂ ಬಲ್ಲರು. ಆದರೆ ಆ ಹೆಸರು ಹೊತ್ತ ಕಾರು ಇವತ್ತು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಜೋಡಣೆಯಾಗಿರಬಹುದು, ಬೆಲ್ಜಿಯಂನ ಗೆಂಟ್‌ನಲ್ಲಿ ಆಗಿರಬಹುದು. ಚೀನಾದ ಚೆಂಗ್ಡು, ಡಾಚಿಂಗ್ ಅಥವಾ ಲುಚಿಯಾವೊ, ಅಮೆರಿಕದ ಸೌತ್ ಕ್ಯಾರೊಲಿನಾ, ಮಲೇಷ್ಯಾದ ಶಾ ಆಲಂ, ನಮ್ಮ ಬೆಂಗಳೂರಿನ ಪಕ್ಕದ ಹೊಸಕೋಟೆ ಕೂಡ ಅದರ ಜೋಡಣೆಯ ಊರುಗಳೇ. ಕಂಪನಿಯ ಬಹುಪಾಲು ಷೇರು ಇರುವುದು ಚೀನಾದ ಗೀಲಿ ಸಮೂಹದ ಕೈಯಲ್ಲಿ. 2024ರಲ್ಲಿ ಜಗತ್ತಿನಾದ್ಯಂತ ಮಾರಾಟವಾದ 7,63,389 ವೋಲ್ವೋ ಕಾರುಗಳನ್ನು ಯಾವ ದೇಶದವು ಎನ್ನಬೇಕು?

ಈ ಪ್ರಶ್ನೆಯ ಮೇಲೆ ಅರವತ್ತು ವರ್ಷಗಳಿಂದ ವಾದ ನಡೆದಿದೆ. ಕಾರ್ಮಿಕ ಸಂಘಗಳು ಉದ್ಯೋಗದ ಕಡೆಯಿಂದ, ಅರ್ಥಶಾಸ್ತ್ರಜ್ಞರು ವ್ಯಾಪಾರದ ಕಡೆಯಿಂದ, ಸುಂಕದ ಅಧಿಕಾರಿಗಳು ತೆರಿಗೆಯ ಕಡೆಯಿಂದ, ಕೊಳ್ಳುವವರು ಗುಣಮಟ್ಟದ ಕಡೆಯಿಂದ ಇದನ್ನು ಎತ್ತುತ್ತಲೇ ಬಂದಿದ್ದಾರೆ. ಕಾರ್ಖಾನೆ ಒಂದು ಊರಿಗೆ ಯಾಕೆ ಬರುತ್ತದೆ, ಯಾಕೆ ಬಿಟ್ಟುಹೋಗುತ್ತದೆ, ಬಂದಷ್ಟು ಕಾಲ ಆ ಊರಿಗೆ ಏನನ್ನು ಕೊಡುತ್ತದೆ ಎಂಬುದನ್ನು ತಿಳಿಯಲು ವೋಲ್ವೋಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಹೊಸಕೋಟೆ ಆ ಪಟ್ಟಿಯಲ್ಲಿರುವುದರಿಂದ ಕನ್ನಡಿಗರಿಗೆ ಇದು ದೂರದ ಸುದ್ದಿಯೂ ಅಲ್ಲ.

ಹುಟ್ಟಿದ್ದೇ ಜೋಡಣೆಯಿಂದ

ಬೇರಿಂಗ್ ತಯಾರಿಸುವ ಎಸ್‌ಕೆಎಫ್ ಕಂಪನಿಯ ಆಸರೆಯಲ್ಲಿ ಅಸ್ಸಾರ್ ಗೇಬ್ರಿಯೆಲ್ಸನ್ ಮತ್ತು ಗುಸ್ಟಾಫ್ ಲಾರ್ಸನ್ ಎಂಬ ಇಬ್ಬರು ವೋಲ್ವೋ ಕಟ್ಟಿದರು. ಮೊದಲ ಕಾರು ‘ಓವಿ4’ ಗೋಥೆನ್‌ಬರ್ಗ್‌ನ ಹಿಸಿಂಗೆನ್ ದ್ವೀಪದ ಕಾರ್ಖಾನೆಯಿಂದ ಹೊರಬಂದದ್ದು 1927ರ ಏಪ್ರಿಲ್ 14ರಂದು. ಆ ಕಾರಿನ ಎಂಜಿನ್ ಸ್ಕೋವ್ಡೆ ಊರಿನ ಪೆಂಟಾ ಕಾರ್ಖಾನೆಯದು, ಗೇರ್‌ಬಾಕ್ಸ್ ಕೋಪಿಂಗ್ ಊರಿನದು, ತಗಡಿನ ಭಾಗಗಳು ಓಲೊಫ್‌ಸ್ಟ್ರೋಮ್‌ನವು. ವಿನ್ಯಾಸ ಮತ್ತು ಗುಣಮಟ್ಟದ ಹಿಡಿತ ನಮ್ಮದಿರಲಿ, ಭಾಗಗಳನ್ನು ಬಲ್ಲವರು ಮಾಡಿಕೊಡಲಿ, ಕೊನೆಗೆ ಜೋಡಿಸುವುದು ನಮ್ಮ ಕೈಯಲ್ಲಿರಲಿ ಎಂಬುದು ಗೇಬ್ರಿಯೆಲ್ಸನ್ ಲೆಕ್ಕಾಚಾರ. ಆ ಸರಬರಾಜುದಾರರಲ್ಲಿ ಹಲವರನ್ನು ಕಂಪನಿ ಮುಂದೆ ಕೊಂಡುಕೊಂಡಿತು.

ಈಗಿನ ಚರ್ಚೆಗೆ ಇದು ಮುಖ್ಯ. ಒಂದೇ ಸೂರಿನಡಿ ಪೂರ್ತಿ ತಯಾರಾದ ‘ಅಪ್ಪಟ’ ವೋಲ್ವೋ ಮೊದಲ ದಿನವೂ ಇರಲಿಲ್ಲ. ಹಲವು ಊರುಗಳ ಕೆಲಸ ಒಂದೆಡೆ ಸೇರುವುದೇ ಈ ಕಾರಿನ ಮೂಲ ಸ್ವಭಾವ. ಆ ಊರುಗಳು ಮೊದಲು ಸ್ವೀಡನ್ನಿನೊಳಗಿದ್ದವು, ಆಮೇಲೆ ಜಗತ್ತಿನ ಉದ್ದಗಲಕ್ಕೂ ಹಬ್ಬಿದವು.

ಸಮುದ್ರ ದಾಟಿದ ದಶಕ

ಸ್ವೀಡನ್ನಿನಲ್ಲೇ ಕಂಪನಿಯ ದೊಡ್ಡ ಕಾರ್ಖಾನೆ ಟೋರ್ಸ್‌ಲಾಂಡಾ 1964ರಲ್ಲಿ ಉದ್ಘಾಟನೆಯಾಯಿತು. ಅದಕ್ಕೂ ಒಂದು ವರ್ಷ ಮೊದಲೇ, 1963ರಲ್ಲಿ, ಕೆನಡಾದ ನೋವಾ ಸ್ಕೋಷಿಯಾ ಪ್ರಾಂತದ ಡಾರ್ಟ್‌ಮತ್‌ನಲ್ಲಿ ವೋಲ್ವೋ ಜೋಡಣೆ ಶುರುವಾಗಿತ್ತು. ಹಿಂದೆ ಸಕ್ಕರೆ ಶುದ್ಧೀಕರಿಸುತ್ತಿದ್ದ ಕಟ್ಟಡವದು. ಗೋಥೆನ್‌ಬರ್ಗ್‌ನಿಂದ ಹಡಗಿನಲ್ಲಿ ಬಂದ ಭಾಗಗಳನ್ನು ಅಲ್ಲಿ ಸೇರಿಸಿ, ‘ಅಮೆಜಾನ್’ ಮಾದರಿಯ ಕಾರಿಗೆ ‘ಕೆನಡಿಯನ್’ ಎಂಬ ಹೆಸರನ್ನೇ ಇಟ್ಟು ಮಾರಿದರು. ಮುಂದೆ ಈ ಘಟಕ ಪಕ್ಕದ ಹ್ಯಾಲಿಫ್ಯಾಕ್ಸ್‌ಗೆ ಸ್ಥಳಾಂತರವಾಯಿತು.

1965ರಲ್ಲಿ ಬೆಲ್ಜಿಯಂನ ಗೆಂಟ್ ಕಾರ್ಖಾನೆ ತೆರೆಯಿತು. 1967ರಲ್ಲಿ ಮಲೇಷ್ಯಾದ ಶಾ ಆಲಂನಲ್ಲಿ ಜೋಡಣೆ ಆರಂಭವಾಯಿತು. ಆ ದೇಶದ ಮೊಟ್ಟಮೊದಲ ಕಾರು ಜೋಡಣಾ ಘಟಕ ಅದು. 1970ರ ದಶಕದಲ್ಲಿ ಥಾಯ್ಲೆಂಡ್ ಸೇರಿತು. ಡಚ್ ಕಂಪನಿ ಡಾಫ್‌ನ ಕಾರು ವಿಭಾಗ ವೋಲ್ವೋ ಕೈಸೇರಿದ್ದರಿಂದ ನೆದರ್‌ಲೆಂಡ್ಸ್‌ನ ಬಾರ್ನ್ ಕಾರ್ಖಾನೆಯೂ ಬಂತು. ಅಲ್ಲಿ 1990ರ ದಶಕದಲ್ಲಿ ವೋಲ್ವೋ ಮತ್ತು ಮಿತ್ಸುಬಿಷಿ ಕಾರುಗಳು ಒಂದೇ ಸೂರಿನಡಿ ತಯಾರಾದವು.

ಮಾಲೀಕರು ಬದಲಾದರು

1999ರಲ್ಲಿ ವೋಲ್ವೋ ಸಮೂಹ ತನ್ನ ಕಾರು ವಿಭಾಗವನ್ನು ಫೋರ್ಡ್‌ಗೆ 645 ಕೋಟಿ ಡಾಲರ್‌ಗೆ ಮಾರಿ, ಟ್ರಕ್ಕು ಮತ್ತು ಬಸ್ಸುಗಳನ್ನು ತನ್ನಲ್ಲೇ ಉಳಿಸಿಕೊಂಡಿತು. ಹಾಗಾಗಿ ‘ಐರಾವತ’ ಎಂಬ ಹೆಸರಿನಲ್ಲಿ ಕೆಎಸ್‌ಆರ್‌ಟಿಸಿ ಓಡಿಸಿದ ವೋಲ್ವೋ ಬಸ್ಸು ಒಂದು ಕಂಪನಿಯದು, ಶೋರೂಮಿನಲ್ಲಿ ನಿಲ್ಲುವ ವೋಲ್ವೋ ಕಾರು ಇನ್ನೊಂದು ಕಂಪನಿಯದು. ಹೆಸರು ಮಾತ್ರ ಇಬ್ಬರಿಗೂ ಸೇರಿದ್ದು.

ಆರ್ಥಿಕ ಕುಸಿತದಲ್ಲಿ ಸೋತ ಫೋರ್ಡ್ 2010ರಲ್ಲಿ ವೋಲ್ವೋ ಕಾರನ್ನು ಗೀಲಿಗೆ ಬಿಟ್ಟುಕೊಟ್ಟಿತು. 2013ರಲ್ಲಿ ಚೆಂಗ್ಡು, ಅದರ ಬೆನ್ನಿಗೆ ಡಾಚಿಂಗ್, ಆಮೇಲೆ ಲುಚಿಯಾವೊ ಕಾರ್ಖಾನೆಗಳು ಕೆಲಸ ಶುರುಮಾಡಿದವು. 2015ರಲ್ಲಿ ಚೆಂಗ್ಡುವಿನ ‘ಎಸ್60’ ಅಮೆರಿಕದ ಶೋರೂಮು ಸೇರಿದಾಗ ಚೀನಾದಲ್ಲಿ ಜೋಡಣೆಯಾದ ಕಾರು ಅಮೆರಿಕದ ಗ್ರಾಹಕರಿಗೆ ಸಿಗುವುದೇ ಹೊಸತಾಗಿತ್ತು. 2018ರಲ್ಲಿ ಸೌತ್ ಕ್ಯಾರೊಲಿನಾದ ರಿಜ್‌ವಿಲ್‌ನಲ್ಲಿ ವೋಲ್ವೋ ತನ್ನ ಮೊದಲ ಅಮೆರಿಕನ್ ಕಾರು ಕಾರ್ಖಾನೆ ತೆರೆಯಿತು. 2022ರಲ್ಲಿ ಸ್ಲೊವಾಕಿಯಾದ ಕೋಶಿತ್ಸೆಯಲ್ಲಿ ವರ್ಷಕ್ಕೆ 2,50,000 ಕಾರುಗಳ ಸಾಮರ್ಥ್ಯದ ಘಟಕ ಕಟ್ಟುವುದಾಗಿ ಘೋಷಿಸಿತು.

ಈ ಸಂಚಾರಕ್ಕೆ ಐದು ಬಗೆಯ ವಿವರಣೆಗಳಿವೆ. ಒಂದೊಂದೂ ಒಂದೊಂದು ಭಾಗವನ್ನು ಬೆಳಗಿಸುತ್ತದೆ.

ಮೊದಲ ವಾದ: ಎಲ್ಲಕ್ಕೂ ಸುಂಕವೇ ಮೂಲ

ಆಮದು ಸುಂಕ ಎಲ್ಲಿ ಎತ್ತರವೋ ಅಲ್ಲಿ ಕಾರ್ಖಾನೆ ಏಳುತ್ತದೆ ಎಂಬುದು ಅತ್ಯಂತ ಹಳೆಯ, ಅತ್ಯಂತ ನೇರ ವಾದ. ಇದರ ಪರವಾಗಿ ಸಾಕ್ಷ್ಯ ಬಲವಾಗಿದೆ. ಕೆನಡಾ ಹೊರಗಿನ ಕಾರುಗಳಿಗೆ ಸುಂಕ ಹಾಕುತ್ತಿತ್ತು, ಒಳಗೆ ಜೋಡಿಸಿದವರಿಗೆ ರಿಯಾಯಿತಿ ಕೊಡುತ್ತಿತ್ತು. 1965ರ ಕೆನಡಾ–ಅಮೆರಿಕ ವಾಹನ ಒಪ್ಪಂದ ಒಳಗಿದ್ದವರಿಗೆ ಇನ್ನಷ್ಟು ಅನುಕೂಲ ತಂದಿತು. ಗೆಂಟ್ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಆಗ ಬೆಲ್ಜಿಯಂ ಯುರೋಪಿನ ಸಾಮಾನ್ಯ ಮಾರುಕಟ್ಟೆಯಲ್ಲಿತ್ತು, ಸ್ವೀಡನ್ ಅದರ ಹೊರಗೆ ಇಎಫ್‌ಟಿಎ ಕೂಟದಲ್ಲಿತ್ತು. ಜರ್ಮನಿ, ಫ್ರಾನ್ಸ್‌ಗಳಿಗೆ ಸುಂಕವಿಲ್ಲದೆ ಕಾರು ಮಾರಬೇಕಾದರೆ ಗೋಡೆಯ ಒಳಗೇ ಜೋಡಿಸಬೇಕಿತ್ತು.

ಈಚಿನ ವರ್ಷಗಳು ಈ ವಾದಕ್ಕೆ ಮರುಜೀವ ಕೊಟ್ಟಿವೆ. 2018ರಲ್ಲಿ ಚೀನಾದ ಕಾರುಗಳ ಮೇಲೆ ಅಮೆರಿಕ 25% ಹೆಚ್ಚುವರಿ ಸುಂಕ ಹೇರಿದಾಗ, ಅಲ್ಲಿಗೆ ಹೋಗುವ ‘ಎಕ್ಸ್‌ಸಿ60’ ಕಾರುಗಳನ್ನು ವೋಲ್ವೋ ಚೆಂಗ್ಡು ಬದಲು ಟೋರ್ಸ್‌ಲಾಂಡಾದಿಂದ ಕಳಿಸತೊಡಗಿತು. 2024ರಲ್ಲಿ ಯುರೋಪಿಯನ್ ಒಕ್ಕೂಟ ಚೀನಾದ ಎಲೆಕ್ಟ್ರಿಕ್ ಕಾರುಗಳ ಮೇಲೆ ಸುಂಕ ಏರಿಸಿತು. ಗೀಲಿ ಸಮೂಹದ ಪಾಲಿಗೆ ಬಂದದ್ದು ಮೊದಲಿದ್ದ 10%ರ ಮೇಲೆ 18.8%. ಚೀನಾದಲ್ಲಿ ತಯಾರಾಗುತ್ತಿದ್ದ ಪುಟ್ಟ ‘ಇಎಕ್ಸ್30’ 2025ರಲ್ಲಿ ಗೆಂಟ್‌ನಲ್ಲೂ ಜೋಡಣೆಯಾಗತೊಡಗಿತು. ಅದೇ ವರ್ಷ ಅಮೆರಿಕ ಎಲ್ಲ ಆಮದು ಕಾರುಗಳ ಸುಂಕ ಏರಿಸಿದ ಮೇಲೆ, ‘ಎಕ್ಸ್‌ಸಿ60’ನ್ನು ರಿಜ್‌ವಿಲ್‌ನಲ್ಲೂ ತಯಾರಿಸುವುದಾಗಿ ಕಂಪನಿ ಪ್ರಕಟಿಸಿತು.

ಆದರೆ ಸುಂಕದ ವಾದ ಒಂದು ಕಡೆ ಎಡವುತ್ತದೆ. ಹ್ಯಾಲಿಫ್ಯಾಕ್ಸ್ ಮತ್ತು ಗೆಂಟ್ ಎರಡೂ ಎರಡೇ ವರ್ಷದ ಅಂತರದಲ್ಲಿ ಸುಂಕದ ಗೋಡೆಯ ಕಾರಣಕ್ಕೇ ಹುಟ್ಟಿದವು. ಎರಡರ ಗೋಡೆಯೂ ಮುಂದೆ ಬಿತ್ತು. ಕೆನಡಾದ ವ್ಯಾಪಾರ ನಿಯಮಗಳು ಸಡಿಲವಾದವು, ಸ್ವೀಡನ್ 1995ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿತು. ಸುಂಕವೊಂದೇ ಕಾರಣವಾಗಿದ್ದರೆ ಎರಡೂ ಮುಚ್ಚಬೇಕಿತ್ತು. ಹ್ಯಾಲಿಫ್ಯಾಕ್ಸ್ 1998ರಲ್ಲಿ ಮುಚ್ಚಿತು. ಗೆಂಟ್ ಇವತ್ತಿಗೂ ವೋಲ್ವೋದ ಎರಡು ಮುಖ್ಯ ಯುರೋಪಿಯನ್ ಕಾರ್ಖಾನೆಗಳಲ್ಲಿ ಒಂದು.

ಎರಡನೆಯ ವಾದ: ಮಾರುಕಟ್ಟೆಯ ಹತ್ತಿರ, ಹಂತಹಂತವಾಗಿ

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಒಂದು ಹೊಸ ಚಿಂತನೆ ಬೆಳೆಯಿತು. ಯಾನ್ ಯೋಹಾನ್ಸನ್ ಮತ್ತು ಫಿನ್ ವೀಡರ್ಸ್‌ಹೈಮ್-ಪೌಲ್ 1975ರಲ್ಲಿ ನಾಲ್ಕು ಸ್ವೀಡಿಷ್ ಕಂಪನಿಗಳ ಇತಿಹಾಸ ಪರಿಶೀಲಿಸಿದರು: ಸ್ಯಾಂಡ್ವಿಕ್, ಅಟ್ಲಾಸ್ ಕಾಪ್ಕೊ, ಫಾಸಿಟ್ ಮತ್ತು ವೋಲ್ವೋ. ಕಂಪನಿಗಳು ಪರದೇಶಕ್ಕೆ ಹಾರಿ ಹೋಗುವುದಿಲ್ಲ, ಮೆಟ್ಟಿಲು ಹತ್ತುತ್ತವೆ ಎಂಬುದು ಅವರ ನಿಲುವು. ಮೊದಲು ಏಜೆಂಟರ ಮೂಲಕ ರಫ್ತು, ನಂತರ ಸ್ವಂತ ಮಾರಾಟ ಕಚೇರಿ, ಆ ಮಾರುಕಟ್ಟೆ ಪೂರ್ತಿ ಪರಿಚಯವಾದ ಮೇಲೆ ಕಾರ್ಖಾನೆ. ಯೋಹಾನ್ಸನ್ ಮತ್ತು ಯಾನ್-ಎರಿಕ್ ವಾಲ್ನೆ 1977ರಲ್ಲಿ ಇದನ್ನು ಸಿದ್ಧಾಂತವಾಗಿ ಬೆಳೆಸಿದರು. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಜಾನ್ ಡನಿಂಗ್ ಅದೇ ಕಾಲದಲ್ಲಿ ಮೂರು ಷರತ್ತುಗಳನ್ನು ಮುಂದಿಟ್ಟರು: ಕಂಪನಿಗೆ ತನ್ನದೇ ಆದ ಬಲವಿರಬೇಕು, ಆ ಜಾಗಕ್ಕೆ ಅನುಕೂಲವಿರಬೇಕು, ಕೆಲಸವನ್ನು ಇನ್ನೊಬ್ಬರಿಗೆ ವಹಿಸುವುದಕ್ಕಿಂತ ತಾನೇ ಮಾಡುವುದು ಲಾಭವಾಗಬೇಕು.

ಗೀಲಿ ಕಾಲದ ವೋಲ್ವೋ ಈ ಚಿಂತನೆಯನ್ನು ‘ಮಾರುವ ಕಡೆಯೇ ತಯಾರಿಸು’ ಎಂಬ ನೀತಿಯಾಗಿ ಹೇಳುತ್ತದೆ. ‘ಎಸ್90’ ಸೆಡಾನ್ ಸ್ವೀಡನ್ ಬಿಟ್ಟು ಡಾಚಿಂಗ್‌ಗೆ ಹೋದದ್ದನ್ನು ಈ ವಾದ ಸರಾಗವಾಗಿ ವಿವರಿಸುತ್ತದೆ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರುವ ಉದ್ದನೆಯ ಸೆಡಾನಿಗೆ ಚೀನಾದಲ್ಲಿ ಬೇಡಿಕೆ ಹೆಚ್ಚು. ಆದರೆ ರಿಜ್‌ವಿಲ್ ಇದಕ್ಕೆ ಸವಾಲು. ವರ್ಷಕ್ಕೆ 1,50,000 ಕಾರು ತಯಾರಿಸಲು ಕಟ್ಟಿದ ಆ ಘಟಕಕ್ಕೆ ಮೊದಲು ಕೊಟ್ಟದ್ದು ‘ಎಸ್60’ ಸೆಡಾನ್. ಅಮೆರಿಕನ್ನರು ಆ ಹೊತ್ತಿಗೆ ಸೆಡಾನ್ ಬಿಟ್ಟು ಎಸ್‌ಯುವಿ ಕಡೆ ವಾಲಿದ್ದರು. ಕಾರ್ಖಾನೆ ತನ್ನ ಸಾಮರ್ಥ್ಯದ ಹತ್ತಿರಕ್ಕೂ ಬರಲಿಲ್ಲ. ಮಾರುಕಟ್ಟೆಯ ಪಕ್ಕದಲ್ಲಿದ್ದ ಮಾತ್ರಕ್ಕೆ ಸಾಲದು, ಆ ಮಾರುಕಟ್ಟೆ ಬಯಸುವ ಕಾರನ್ನೇ ಅಲ್ಲಿ ತಯಾರಿಸಬೇಕು.

ಮೂರನೆಯ ವಾದ: ಊರಿಗಿಂತ ಕೆಲಸದ ರೀತಿ ಮುಖ್ಯ

ಈ ವಾದಕ್ಕೆ ವೋಲ್ವೋ ಕೊಟ್ಟಷ್ಟು ಸರಕನ್ನು ಬೇರೆ ಯುರೋಪಿಯನ್ ಕಂಪನಿ ಕೊಟ್ಟಿರಲಾರದು. 1970ರ ದಶಕದಲ್ಲಿ ಸ್ವೀಡನ್ನಿನ ಕಾರ್ಖಾನೆಗಳಲ್ಲಿ ಗೈರುಹಾಜರಿ, ಕೆಲಸ ಬಿಡುವವರ ಸಂಖ್ಯೆ ವಿಪರೀತವಾಗಿತ್ತು. ಅಸೆಂಬ್ಲಿ ಲೈನಿನ ಮುಂದೆ ನಿಂತು ದಿನವಿಡೀ ಒಂದೇ ಬೋಲ್ಟು ಬಿಗಿಯುವ ಕೆಲಸ ಯಾರಿಗೂ ಬೇಕಿರಲಿಲ್ಲ. ಮುಖ್ಯಸ್ಥ ಪೇರ್ ಯಿಲ್ಲೆನ್‌ಹಮ್ಮರ್ ನೇತೃತ್ವದಲ್ಲಿ 1974ರಲ್ಲಿ ತೆರೆದ ಕಾಲ್ಮಾರ್ ಕಾರ್ಖಾನೆ ಅದಕ್ಕೆ ಉತ್ತರ. ಅಲ್ಲಿ ಉದ್ದನೆಯ ಲೈನು ಇರಲಿಲ್ಲ. ಬ್ಯಾಟರಿಯಿಂದ ನಡೆಯುವ ತಗ್ಗಾದ ಗಾಡಿಗಳ ಮೇಲೆ ಒಂದೊಂದು ಕಾರು ಕೂತು ಒಂದು ತಂಡದಿಂದ ಇನ್ನೊಂದು ತಂಡಕ್ಕೆ ಹೋಗುತ್ತಿತ್ತು. ಅಡಿಭಾಗದ ಕೆಲಸ ಬಂದಾಗ ಗಾಡಿ ಇಡೀ ಕಾರನ್ನು ಪಕ್ಕಕ್ಕೆ 90 ಡಿಗ್ರಿ ವಾಲಿಸುತ್ತಿತ್ತು. ಕೆಲಸಗಾರ ಕತ್ತು ಮೇಲೆತ್ತಿ, ಕೈ ತಲೆಯ ಮೇಲೆ ಹಿಡಿದು ದುಡಿಯಬೇಕಿರಲಿಲ್ಲ. ನೇರವಾಗಿ ನಿಂತು, ಎದುರಿನ ಗೋಡೆಗೆ ಮೊಳೆ ಹೊಡೆದಷ್ಟು ಸಲೀಸಾಗಿ ಪೈಪು, ವೈರು ಜೋಡಿಸಬಹುದಿತ್ತು.

ಹಡಗುಕಟ್ಟೆ ಮುಚ್ಚಿ ಕೆಲಸ ಕಳೆದುಕೊಂಡಿದ್ದ ಉಡ್ಡೆವಾಲಾ ಊರಿನಲ್ಲಿ 1989ರಲ್ಲಿ ಉದ್ಘಾಟನೆಯಾದ ಕಾರ್ಖಾನೆ ಇನ್ನೂ ಮುಂದಕ್ಕೆ ಹೋಯಿತು. ಅಲ್ಲಿ ಸಣ್ಣ ತಂಡವೊಂದು ಇಡೀ ಕಾರನ್ನೇ ಕಟ್ಟುತ್ತಿತ್ತು. ಆದರೆ 1990ರ ದಶಕದ ಆರಂಭದ ಮಾರಾಟ ಕುಸಿತದಲ್ಲಿ ಉಡ್ಡೆವಾಲಾ 1993ರಲ್ಲಿ, ಕಾಲ್ಮಾರ್ 1994ರಲ್ಲಿ ಮುಚ್ಚಿದವು.

ಆಮೇಲೆ ನಡೆದ ವಾದ ಕಾರ್ಖಾನೆಗಿಂತ ಹೆಚ್ಚು ಬಾಳಿತು. ಜಪಾನಿನ ಟೊಯೊಟಾ ಪದ್ಧತಿಯನ್ನು ಎತ್ತಿಹಿಡಿದ ‘ದಿ ಮಷಿನ್ ದಟ್ ಚೇಂಜ್ಡ್ ದಿ ವರ್ಲ್ಡ್’ ಪುಸ್ತಕ 1990ರಲ್ಲಿ ಬಂದಿತ್ತು. 1993ರಲ್ಲಿ ಪಾಲ್ ಆಡ್ಲರ್ ಮತ್ತು ರಾಬರ್ಟ್ ಕೋಲ್ ಎಂಬ ಅಮೆರಿಕನ್ ವಿದ್ವಾಂಸರು ಕ್ಯಾಲಿಫೋರ್ನಿಯಾದಲ್ಲಿ ಟೊಯೊಟಾ ಮತ್ತು ಜನರಲ್ ಮೋಟಾರ್ಸ್ ಸೇರಿ ನಡೆಸುತ್ತಿದ್ದ ಎನ್‌ಯುಎಂಎಂಐ ಘಟಕವನ್ನು ಉಡ್ಡೆವಾಲಾ ಜೊತೆ ಹೋಲಿಸಿ, ಕಾರ್ಖಾನೆ ಒಟ್ಟಾಗಿ ಕಲಿಯುವುದರಲ್ಲಿ ಟೊಯೊಟಾ ಪದ್ಧತಿಯೇ ಮೇಲು ಎಂದರು. ಸ್ವೀಡನ್ನಿನ ಕ್ರಿಶ್ಚಿಯನ್ ಬರ್ಗ್ರೆನ್ ಅದನ್ನು ಒಪ್ಪಲಿಲ್ಲ. ಉಡ್ಡೆವಾಲಾ ದಿನದಿನಕ್ಕೆ ಸುಧಾರಿಸುತ್ತಿತ್ತು, ಅದನ್ನು ಮುಚ್ಚಿದ್ದು ಕಂಪನಿಯ ಹೆಚ್ಚುವರಿ ಸಾಮರ್ಥ್ಯದ ಸಮಸ್ಯೆಗಾಗಿ ಎಂಬುದು ಅವರ ಪ್ರತಿವಾದ.

ಈ ವಾದದಿಂದ ಕೊಳ್ಳುವವರಿಗೆ ಸಿಗುವ ತಿಳಿವಳಿಕೆ ದೊಡ್ಡದು. ಗುಣಮಟ್ಟ ಹುಟ್ಟುವುದು ತರಬೇತಿ, ತಪಾಸಣೆ, ಕೆಲಸದ ಶಿಸ್ತಿನಿಂದ. ಯಾವ ದೇಶದ ಕೈ ಎಂಬುದರಿಂದ ಅದು ತೀರ್ಮಾನವಾಗುವುದಿಲ್ಲ. ಆದರೂ ಉಡ್ಡೆವಾಲಾ, ಕಾಲ್ಮಾರ್ ಮುಚ್ಚಿ ಟೋರ್ಸ್‌ಲಾಂಡಾ ಉಳಿದದ್ದನ್ನು ಈ ವಾದ ಒಂದೇ ವಿವರಿಸಲಾರದು. ಆ ಎರಡೂ ಘಟಕಗಳಲ್ಲಿ ಅಂತಿಮ ಜೋಡಣೆ ಮಾತ್ರ ನಡೆಯುತ್ತಿತ್ತು; ಬಾಡಿ ವೆಲ್ಡಿಂಗ್ ಮತ್ತು ಪೇಂಟ್ ಶಾಪ್ ಇದ್ದದ್ದು ಟೋರ್ಸ್‌ಲಾಂಡಾದಲ್ಲಿ.

ನಾಲ್ಕನೆಯ ವಾದ: ಜೋಡಣೆಯಲ್ಲಿ ಉಳಿಯುವುದೆಷ್ಟು?

ತೈವಾನಿನ ಏಸರ್ ಕಂಪನಿಯ ಸ್ಥಾಪಕ ಸ್ಟಾನ್ ಶಿ 1990ರ ದಶಕದಲ್ಲಿ ಒಂದು ಚಿತ್ರ ಬರೆದು ತೋರಿಸಿದರು. ಒಂದು ತುದಿಯಲ್ಲಿ ಸಂಶೋಧನೆ ಮತ್ತು ವಿನ್ಯಾಸ, ಇನ್ನೊಂದು ತುದಿಯಲ್ಲಿ ಬ್ರ್ಯಾಂಡ್ ಮತ್ತು ಮಾರಾಟದ ನಂತರದ ಸೇವೆ. ಲಾಭ ಈ ಎರಡು ತುದಿಗಳಲ್ಲಿ ಎತ್ತರ, ನಡುವಿನ ಜೋಡಣೆಯಲ್ಲಿ ಕನಿಷ್ಠ. ಈ ಪಂಥದವರ ಪ್ರಕಾರ ‘ಎಲ್ಲಿ ಜೋಡಿಸಿದರು’ ಎಂಬ ಪ್ರಶ್ನೆಗಿಂತ ‘ಎಷ್ಟು ಕೆಲಸ ಅಲ್ಲಿ ನಡೆಯಿತು’ ಎಂಬುದು ಮುಖ್ಯ.

ಇದನ್ನು ಅಳೆಯುವ ಒಂದು ಪ್ರಯತ್ನ ಅಮೆರಿಕದ ಪ್ರತಿ ಹೊಸ ಕಾರಿನ ಮೇಲೂ ಅಂಟಿಸುವ ಚೀಟಿಯಲ್ಲಿದೆ. 1992ರ ಕಾಯ್ದೆಯ ಪ್ರಕಾರ ಆ ಚೀಟಿಯಲ್ಲಿ ಭಾಗಗಳ ಮೌಲ್ಯದಲ್ಲಿ ಅಮೆರಿಕ ಮತ್ತು ಕೆನಡಾದ ಪಾಲೆಷ್ಟು, ಹೊರಗಿನ ಮುಖ್ಯ ದೇಶಗಳು ಯಾವುವು, ಅಂತಿಮ ಜೋಡಣೆ ಯಾವ ಊರಿನಲ್ಲಿ, ಎಂಜಿನ್ ಯಾವ ದೇಶದ್ದು, ಗೇರ್‌ಬಾಕ್ಸ್ ಯಾವ ದೇಶದ್ದು ಎಂದು ಬೇರೆಬೇರೆಯಾಗಿ ಬರೆದಿರಬೇಕು. ಒಂದೇ ಕಾರಿಗೆ ಐದು ಉತ್ತರ.

ಚಾಸಿ ನಂಬರ್ ಕೂಡ ಹೀಗೆಯೇ. 17 ಅಕ್ಷರ–ಅಂಕಿಗಳ ಆ ಸಂಖ್ಯೆ ‘ವೈವಿ1’ ಎಂದು ಶುರುವಾದರೆ ಸ್ವೀಡನ್ನಿನ ನೋಂದಣಿ, ‘ಎಲ್‌ವಿವೈ’ ಆದರೆ ಚೀನಾದ್ದು, ‘7ಜೆಆರ್’ ಆದರೆ ಅಮೆರಿಕದ್ದು. ಆದರೆ ಗೆಂಟ್‌ನಲ್ಲಿ ಜೋಡಣೆಯಾದ ಕಾರಿಗೂ ‘ವೈವಿ1’ ಎಂದೇ ಬೀಳುತ್ತದೆ. ಬೆಲ್ಜಿಯಂನ ಗುರುತು ಸಿಗುವುದು ಹನ್ನೊಂದನೆಯ ಸ್ಥಾನದಲ್ಲಿ: ಟೋರ್ಸ್‌ಲಾಂಡಾಗೆ 1, ಗೆಂಟ್‌ಗೆ 2. ಮೊದಲ ಮೂರು ಅಕ್ಷರ ತಯಾರಕ ಯಾರೆಂದು ಹೇಳುತ್ತವೆ, ಹನ್ನೊಂದನೆಯದು ಕಾರ್ಖಾನೆ ಯಾವುದೆಂದು.

ಹ್ಯಾಲಿಫ್ಯಾಕ್ಸ್ ಮತ್ತು ಗೆಂಟ್‌ಗಳ ಹಣೆಬರಹ ಬೇರೆಯಾದದ್ದನ್ನು ಈ ನಾಲ್ಕನೆಯ ವಾದವೇ ಚೆನ್ನಾಗಿ ವಿವರಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹ್ಯಾಲಿಫ್ಯಾಕ್ಸ್ ಕೊನೆಯವರೆಗೂ ಹಡಗಿನಲ್ಲಿ ಬಂದ ಭಾಗಗಳನ್ನು ಸೇರಿಸುವ, ವರ್ಷಕ್ಕೆ ಕೆಲವೇ ಸಾವಿರ ಕಾರುಗಳ ಘಟಕವಾಗಿ ಉಳಿಯಿತು. ಗೆಂಟ್‌ನಲ್ಲಿ ವೆಲ್ಡಿಂಗ್ ಬಂತು, ಪೇಂಟ್ ಶಾಪ್ ಬಂತು, ಸುತ್ತಲೂ ಸರಬರಾಜುದಾರರು ನೆಲೆಯೂರಿದರು, ಕೆಲವು ವರ್ಷಗಳಲ್ಲಿ ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಸುಂಕದ ಗೋಡೆ ಬಿದ್ದ ದಿನ ಹ್ಯಾಲಿಫ್ಯಾಕ್ಸ್‌ಗೆ ನಿಲ್ಲಲು ಬೇರೆ ಕಾರಣವಿರಲಿಲ್ಲ. ಗೆಂಟ್‌ಗೆ ಇತ್ತು.

ಐದನೆಯ ವಾದ: ಮಾಲೀಕ ಯಾರು, ಸಾಫ್ಟ್‌ವೇರ್ ಯಾರದು?

ಇದು ಈಚೆಗೆ ಎದ್ದ ವಾದ. ಕಾರು ಇಂದು ಕ್ಯಾಮೆರಾ, ಸೆನ್ಸರ್, ಇಂಟರ್ನೆಟ್ ಸಂಪರ್ಕ ಹೊತ್ತು ಓಡುವ ಯಂತ್ರ. ಚೀನಾದ ನಂಟಿರುವ ಸಂಪರ್ಕಿತ ವಾಹನಗಳ ಸಾಫ್ಟ್‌ವೇರನ್ನು ನಿರ್ಬಂಧಿಸುವ ನಿಯಮವನ್ನು ಅಮೆರಿಕ ಸರ್ಕಾರ 2025ರ ಜನವರಿಯಲ್ಲಿ ಅಂತಿಮಗೊಳಿಸಿತು. ಸಾಫ್ಟ್‌ವೇರ್ ಭಾಗ ಅನ್ವಯಿಸುವುದು 2027ರ ಮಾದರಿಗಳಿಂದ. ಈ ನಿಯಮ ಅಂತಿಮ ಜೋಡಣೆಯ ಊರನ್ನು ಮಾತ್ರ ಕೇಳುವುದಿಲ್ಲ, ಮಾಲೀಕತ್ವವನ್ನೂ ಕೇಳುತ್ತದೆ. ಹಾಗಾಗಿ ಸೌತ್ ಕ್ಯಾರೊಲಿನಾದ ಅಮೆರಿಕನ್ ಕಾರ್ಮಿಕರು ಜೋಡಿಸಿದ ವೋಲ್ವೋ ಕೂಡ ಗೀಲಿಯ ಒಡೆತನದ ಕಾರಣಕ್ಕೆ ಪರಿಶೀಲನೆಗೆ ಒಳಗಾಗುತ್ತದೆ. ಅರವತ್ತು ವರ್ಷ ಕಾರ್ಖಾನೆಯ ಜಾಗ ಬದಲಿಸಿ ಗೋಡೆ ದಾಟಿದ ಕಂಪನಿಗೆ, ಜಾಗ ಬದಲಿಸಿದರೂ ದಾಟಲಾಗದ ಗೋಡೆ ಇದೇ ಮೊದಲು ಎದುರಾಗಿದೆ.

ಹೊಸಕೋಟೆಯ ಲೆಕ್ಕ

ವೋಲ್ವೋ ಸಮೂಹ 1990ರ ದಶಕದ ಕೊನೆಯಲ್ಲಿ ಟ್ರಕ್ಕುಗಳಿಗಾಗಿ ಹೊಸಕೋಟೆಗೆ ಬಂತು. ಬಸ್ಸುಗಳು ಬೆನ್ನಿಗೇ ಬಂದವು. ಕಾರು ಕಂಪನಿ ಭಾರತದಲ್ಲಿ 2007ರಿಂದ ಮಾರಾಟ ನಡೆಸುತ್ತಿದ್ದರೂ, ಇಲ್ಲಿ ಜೋಡಣೆ ಆರಂಭಿಸಿದ್ದು 2017ರಲ್ಲಿ, ‘ಎಕ್ಸ್‌ಸಿ90’ ಮೂಲಕ, ಅದೂ ತನ್ನ ಹಳೆಯ ಸಮೂಹದ ಹೊಸಕೋಟೆ ಆವರಣದಲ್ಲೇ. 2022ರಿಂದ ಎಲೆಕ್ಟ್ರಿಕ್ ‘ಎಕ್ಸ್‌ಸಿ40’ ಕೂಡ ಅಲ್ಲಿ ಜೋಡಣೆಯಾಯಿತು.

ಕಾರಣ ಸುಂಕವೇ. 40,000 ಡಾಲರ್ ಮೀರಿದ ಪೂರ್ತಿ ಸಿದ್ಧ ಕಾರಿಗೆ ಆಗ ಆಮದು ಸುಂಕ 100%. ಬಿಡಿಭಾಗಗಳ ಕಿಟ್ಟಿಗೆ, ಅಂದರೆ ಸಿಕೆಡಿಗೆ, 2018ರ ಬಜೆಟ್‌ನಲ್ಲಿ ಏರಿಸಿದ ಮೇಲೂ 15%. ಎಂಜಿನ್ ಅಥವಾ ಗೇರ್‌ಬಾಕ್ಸನ್ನು ಮೊದಲೇ ಜೋಡಿಸಿ ತಂದರೆ 30%. ಯಾವ ಬೋಲ್ಟನ್ನು ಹೊಸಕೋಟೆಯಲ್ಲಿ ಬಿಗಿಯಬೇಕು, ಯಾವುದನ್ನು ಹೊರದೇಶದಲ್ಲೇ ಬಿಗಿದು ತರಬಹುದು ಎಂಬುದನ್ನು ಎಂಜಿನಿಯರನ ಜೊತೆಗೆ ಸುಂಕದ ಪಟ್ಟಿಯೂ ತೀರ್ಮಾನಿಸುತ್ತದೆ. ಭಾರತದಲ್ಲಿ ವೋಲ್ವೋ ಕಾರಿನ ಮಾರಾಟ ವರ್ಷಕ್ಕೆ ಎರಡು ಸಾವಿರದ ಆಸುಪಾಸು. ಲೆಕ್ಕಕ್ಕೆ ಇದು ಗೆಂಟ್‌ಗಿಂತ ಹ್ಯಾಲಿಫ್ಯಾಕ್ಸ್‌ಗೇ ಹತ್ತಿರ.

ಇತ್ಯರ್ಥವಾಗದೆ ಉಳಿದವು

ಐದೂ ವಾದಗಳನ್ನು ಒಟ್ಟಿಗಿಟ್ಟರೆ ಒಂದು ಮಾತು ಗಟ್ಟಿಯಾಗುತ್ತದೆ: ಕಾರ್ಖಾನೆಯನ್ನು ಕರೆತರುವುದು ಸುಂಕ, ಉಳಿಸಿಕೊಳ್ಳುವುದು ಕೆಲಸದ ಆಳ. ಆದರೂ ಮೂರು ಪ್ರಶ್ನೆಗಳು ತೆರೆದೇ ಇವೆ.

ಒಂದು, ಎಲೆಕ್ಟ್ರಿಕ್ ಕಾರಿನಲ್ಲಿ ‘ಆಳ’ ಎಂದರೆ ಏನು? ಎಂಜಿನ್, ಗೇರ್‌ಬಾಕ್ಸ್ ಇಲ್ಲದ ಕಾರಿನ ಬೆಲೆಯ ದೊಡ್ಡ ಪಾಲು ಬ್ಯಾಟರಿ. ಸೆಲ್ ಒಂದು ದೇಶದ್ದು, ಪ್ಯಾಕ್ ಇನ್ನೊಂದು ದೇಶದ್ದು, ಸಾಫ್ಟ್‌ವೇರ್ ಮೂರನೆಯದ್ದು ಆದಾಗ ‘ಅಂತಿಮ ಜೋಡಣೆ’ಗೆ ಎಷ್ಟು ತೂಕ ಕೊಡಬೇಕು ಎಂಬುದರಲ್ಲಿ ಒಮ್ಮತವಿಲ್ಲ.

ಎರಡು, ಮಾಲೀಕತ್ವದ ಮೇಲಿನ ನಿರ್ಬಂಧಗಳು ಹಬ್ಬಿದರೆ ಸ್ಥಳೀಯ ಉದ್ಯೋಗಕ್ಕೆ ಸರ್ಕಾರಗಳು ಕೊಡುವ ಬೆಲೆ ಏನಾಗುತ್ತದೆ? ಕಾರ್ಖಾನೆ ತನ್ನದು, ಕಾರ್ಮಿಕ ತನ್ನವನು, ಕಂಪನಿ ಮಾತ್ರ ಅನ್ಯರದು ಎಂಬ ಸ್ಥಿತಿಯನ್ನು ಯಾವ ದೇಶವೂ ಇನ್ನೂ ಸ್ಪಷ್ಟವಾಗಿ ಬಗೆಹರಿಸಿಲ್ಲ.

ಮೂರು, ಸುಂಕ ಇಳಿದಾಗ ಸಣ್ಣ ಜೋಡಣಾ ಘಟಕಗಳು ಬಾಳುತ್ತವೆಯೇ? ಭಾರತ–ಯುರೋಪ್ ಮುಕ್ತ ವ್ಯಾಪಾರದ ಮಾತುಕತೆ 2007ರಲ್ಲಿ ಆರಂಭವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಶುರುವಾದಾಗ ಕಾರಿನ ಸುಂಕ ಅದರ ಮುಖ್ಯ ವಿಷಯಗಳಲ್ಲಿ ಒಂದಾಗಿತ್ತು.

ಕರ್ನಾಟಕದ ಮಟ್ಟಿಗೆ ಕೆಲಸ ಇರುವುದು ಈ ಮೂರನೆಯದರಲ್ಲಿ. ‘ಹೊಸಕೋಟೆಯಲ್ಲಿ ತಯಾರಾದ ಕಾರು’ ಎಂಬ ಹೆಮ್ಮೆಯ ಜೊತೆಗೆ ನಮ್ಮ ಸರ್ಕಾರ, ನಮ್ಮ ಕೈಗಾರಿಕಾ ಸಂಘಗಳು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಅದರ ಎಷ್ಟು ಭಾಗ ಇಲ್ಲಿಯ ಸಣ್ಣ ಕೈಗಾರಿಕೆಗಳಿಂದ ಬರುತ್ತಿದೆ? ಕಳೆದ ವರ್ಷಕ್ಕಿಂತ ಈ ವರ್ಷ ಎಷ್ಟು ಹೆಚ್ಚು ಕೆಲಸ ಇಲ್ಲಿಯ ಕೈಗಳು ಕಲಿತಿವೆ? ಸುಂಕ ಕೊಡುವ ರಕ್ಷಣೆಯ ಅವಧಿ ಮುಗಿಯುವ ಮೊದಲೇ ಇವಕ್ಕೆ ಉತ್ತರ ಸಿದ್ಧವಿರಬೇಕು. ಇಲ್ಲವಾದರೆ ಗೋಡೆಯ ಜೊತೆಗೆ ಕಾರ್ಖಾನೆಯೂ ಹೋಗುತ್ತದೆ.